ಶೆಫ್‌ಗಳಿಗೆ ಅಮೆರಿಕದ ಓ-1ಬಿ ವೀಸಾ: ಕೈರುಚಿಗೆ ಕಾಗದದ ಪುರಾವೆ ಜೋಡಿಸುವುದು ಹೇಗೆ

ನನ್ನ ಗೆಳೆಯನೊಬ್ಬ ಕುಂದಾಪುರದ ಕಡೆಯವನು. ಬೆಂಗಳೂರಿನ ದೊಡ್ಡ ಹೋಟೆಲೊಂದರ ಕಿಚನ್‌ನಲ್ಲಿ ಹದಿನಾಲ್ಕು ವರ್ಷ ದುಡಿದಿದ್ದ. ಅಮೆರಿಕದ ರೆಸ್ಟೋರೆಂಟ್ ಒಂದು ಅವನನ್ನು ಮುಖ್ಯ ಶೆಫ್ ಆಗಿ ಕರೆಯಿತು. ಕಲಾವಿದರಿಗೆ ಕೊಡುವ ಓ-1ಬಿ ವೀಸಾದ ಅರ್ಜಿಗೆ ದಾಖಲೆ ಜೋಡಿಸೋಣ ಅಂತ ಇಬ್ಬರೂ ಕೂತೆವು. ಅವನ ಹತ್ತಿರ ಒಂದು ಸೂಟ್‌ಕೇಸ್ ತುಂಬ ಕಾಗದ ಇತ್ತು. ಹೋಟೆಲಿಗೆ ಬಂದ ಪ್ರಶಸ್ತಿಗಳ ಫೋಟೊ, ಪತ್ರಿಕೆಗಳ ಕತ್ತರಿಕೆ, ಹಳೇ ಮೆನು ಕಾರ್ಡ್‌ಗಳು. ಒಂದೊಂದನ್ನೇ ತೆಗೆದು ಓದಿದೆವು. ಅವನ ಹೆಸರು ಇದ್ದದ್ದು ಎರಡೇ ಕಡೆ: ಕೆಲಸಕ್ಕೆ ಸೇರಿದಾಗ ಕೊಟ್ಟ ಪತ್ರದಲ್ಲಿ, ಸಂಬಳದ ಚೀಟಿಯಲ್ಲಿ.

ನಮ್ಮಲ್ಲಿ ಇದು ಹೊಸದಲ್ಲ. ಮದುವೆ ಊಟ ಚೆನ್ನಾಗಿದ್ದರೆ "ಯಾರದ್ದು ಅಡುಗೆ?" ಅಂತ ಕೇಳುತ್ತೇವೆ. ಬರುವ ಉತ್ತರ ಕಾಂಟ್ರ್ಯಾಕ್ಟರ್ ಹೆಸರು. ಒಲೆ ಮುಂದೆ ನಿಂತು ಹುಳಿ ಕುದಿಸಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡ ಹೋಟೆಲುಗಳಲ್ಲೂ ಹೆಸರು ಹೋಟೆಲಿನದ್ದೇ. ಆದರೆ ಓ-1ಬಿ ಅರ್ಜಿ ನಿಲ್ಲುವುದು ನಿಮ್ಮ ಹೆಸರಿನ ಮೇಲೆ. ಅದನ್ನು ನೋಡುವ ಅಧಿಕಾರಿ ನಿಮ್ಮ ಕೋಳಿ ಸುಕ್ಕ ತಿಂದಿರುವುದಿಲ್ಲ. ಅವರ ಮುಂದಿರುವುದು ಕಾಗದ ಮಾತ್ರ. ಹಾಗಾಗಿ ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಾಗದದಲ್ಲಿ ನನ್ನ ಹೆಸರು ಎಲ್ಲಿದೆ?

ನಾನು ವಕೀಲನಲ್ಲ. ಅರ್ಜಿ ಹಾಕುವಾಗ ವಲಸೆ ಕಾನೂನು ತಿಳಿದ ಲಾಯರ್ ಬೇಕೇ ಬೇಕು. ಆದರೆ ಲಾಯರ್ ಹತ್ತಿರ ಹೋಗುವ ಮೊದಲು ನೀವೇ ಮಾಡಬೇಕಾದ ಕೆಲಸ ತುಂಬಾ ಇದೆ. ಇಲ್ಲಿ ಬರೆದಿರುವುದು ಹೆಚ್ಚಾಗಿ ಅದರ ಬಗ್ಗೆ.

ಬೇರೆ ವೀಸಾ ಯಾಕೆ ಆಗುವುದಿಲ್ಲ

ಎಲ್ಲರ ಬಾಯಲ್ಲೂ ಮೊದಲು ಬರುವುದು ಎಚ್-1ಬಿ. ಅದು ನಿರ್ದಿಷ್ಟ ವಿಷಯದಲ್ಲಿ ಪದವಿ ಬೇಕೇ ಬೇಕು ಅನ್ನುವಂಥ ಕೆಲಸಗಳಿಗೆ. ಶೆಫ್ ಕೆಲಸಕ್ಕೆ ಸಾಮಾನ್ಯವಾಗಿ ಅಂಥ ಪದವಿ ಕಡ್ಡಾಯ ಅಲ್ಲ, ಹಾಗಾಗಿ ಆ ದಾರಿ ಬಹುತೇಕ ಮುಚ್ಚಿದೆ. ಎಲ್-1ಬಿ ಒಂದೇ ಕಂಪನಿಯ ಶಾಖೆಗಳ ನಡುವೆ ವಿಶೇಷ ಜ್ಞಾನ ಇರುವವರನ್ನು ಕಳಿಸಲು ಇರುವ ವೀಸಾ. ಇದರ ಬಗ್ಗೆ ಒಂದು ಒಳ್ಳೆಯ ಕೇಸ್ ಇದೆ. ಫೋಗೊ ಡಿ ಚಾವ್ ಅನ್ನುವ ಬ್ರೆಜಿಲ್ ಮೂಲದ ರೆಸ್ಟೋರೆಂಟ್ ತನ್ನ ಮಾಂಸ ಸುಡುವ ಶೆಫ್‌ಗಳನ್ನು ಹೀಗೆ ಕರೆಸಿಕೊಳ್ಳಲು ಹೊರಟಿತ್ತು. ಹುಟ್ಟಿ ಬೆಳೆದ ಸಂಸ್ಕೃತಿಯಿಂದ ಬಂದ ಜ್ಞಾನ ಲೆಕ್ಕಕ್ಕಿಲ್ಲ ಅಂತ ಸರ್ಕಾರ ವಾದಿಸಿತು. ಅಂಥ ಜ್ಞಾನವನ್ನು ಸಾರಾಸಗಟಾಗಿ ತಳ್ಳಿಹಾಕುವ ಹಾಗಿಲ್ಲ ಅಂತ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ 2014ರಲ್ಲಿ ಹೇಳಿತು. ನನಗೆ ಈ ತೀರ್ಪು ಬಹಳ ಇಷ್ಟ. ಆದರೆ ನಿಮ್ಮ ಮಾಲೀಕರಿಗೆ ಎರಡೂ ದೇಶದಲ್ಲಿ ರೆಸ್ಟೋರೆಂಟ್ ಇಲ್ಲದಿದ್ದರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಉಳಿದದ್ದು ಓ-1. ಇದು ಅಮೆರಿಕದ 1990ರ ವಲಸೆ ಕಾನೂನಿನಿಂದ ಬಂದದ್ದು. ಓ-1ಎ ವಿಜ್ಞಾನ, ಶಿಕ್ಷಣ, ವ್ಯಾಪಾರ, ಕ್ರೀಡೆಯವರಿಗೆ. ಓ-1ಬಿ ಕಲಾವಿದರಿಗೆ ಮತ್ತು ಸಿನಿಮಾ, ಟಿವಿಯವರಿಗೆ. ಕಲೆ ಅಂದರೆ ಏನು ಅಂತ ಹೇಳುವ ನಿಯಮದಲ್ಲಿ ಪಾಕಕಲೆಯ ಹೆಸರು ನೇರವಾಗಿ ಇದೆ. ಅಂದರೆ ಕಾನೂನಿನ ಕಣ್ಣಲ್ಲಿ ಶೆಫ್ ಒಬ್ಬ ಕಲಾವಿದ. ಇದರಿಂದ ದೊಡ್ಡ ಲಾಭ ಇದೆ. ಓ-1ಎ ಕೇಳುವುದು ಆ ಕ್ಷೇತ್ರದ ತೀರಾ ತುದಿಯಲ್ಲಿರುವ ಕೆಲವೇ ಕೆಲವರನ್ನು. ಕಲೆಯ ಓ-1ಬಿ ಕೇಳುವುದು 'ವಿಶಿಷ್ಟತೆ'. ಅಂದರೆ ಈ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಗಣನೀಯವಾಗಿ ಮೇಲಿರುವ ಕೌಶಲ ಮತ್ತು ಮನ್ನಣೆ. ಇಡೀ ದೇಶಕ್ಕೆ ನಂಬರ್ ಒನ್ ಆಗಿರಬೇಕಿಲ್ಲ. ಎಚ್-1ಬಿಯ ಹಾಗೆ ಲಾಟರಿ ಇಲ್ಲ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿಯೂ ಇಲ್ಲ. ಒಂದು ಸಲಕ್ಕೆ ಮೂರು ವರ್ಷದವರೆಗೆ ಸಿಗುತ್ತದೆ.

ಜೆ-1 ತರಬೇತಿ ವೀಸಾದಲ್ಲಿ ಈಗಾಗಲೇ ಅಮೆರಿಕದ ಹೋಟೆಲುಗಳಲ್ಲಿ ಇರುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ನಿಮ್ಮ ಜೆ-1ಗೆ 'ಎರಡು ವರ್ಷ ಊರಲ್ಲಿರಬೇಕು' ಅನ್ನುವ ಷರತ್ತು ಇದ್ದರೆ ಎಚ್-1ಬಿ ಸಿಗುವುದಿಲ್ಲ. ಓ-1ಗೆ ಆ ತಡೆ ಇಲ್ಲ. ಆದರೆ ಅಮೆರಿಕದೊಳಗೇ ಕೂತು ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಹೊರಗೆ ಬಂದು, ಕಾನ್ಸುಲೇಟ್‌ನಲ್ಲಿ ಓ-1 ವೀಸಾ ಹೊಡೆಸಿಕೊಂಡು ಮತ್ತೆ ಹೋಗಬೇಕು.

ಅಧಿಕಾರಿ ಏನು ಹುಡುಕುತ್ತಾರೆ

ಆಸ್ಕರ್, ಗ್ರ್ಯಾಮಿ ಮಟ್ಟದ ದೊಡ್ಡ ಪ್ರಶಸ್ತಿ ಅಥವಾ ಅದಕ್ಕೆ ನಾಮನಿರ್ದೇಶನ ಇದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ಆರು ಬಗೆಯ ಪುರಾವೆಗಳಲ್ಲಿ ಕನಿಷ್ಠ ಮೂರು ಬೇಕು. ಶೆಫ್ ಭಾಷೆಯಲ್ಲಿ ಹೇಳುವುದಾದರೆ:

1. ಹೆಸರಾಂತ ಕಾರ್ಯಕ್ರಮಗಳಲ್ಲಿ (ಆಹಾರ ಉತ್ಸವ, ಗೆಸ್ಟ್ ಶೆಫ್ ಊಟ, ಪಾಪ್-ಅಪ್ ಅನ್ನುವ ಕೆಲವೇ ದಿನದ ತಾತ್ಕಾಲಿಕ ರೆಸ್ಟೋರೆಂಟ್) ನೀವೇ ಮುಖ್ಯ ಆಕರ್ಷಣೆಯಾಗಿದ್ದಿರಿ, ಮುಂದೆಯೂ ಆಗುತ್ತೀರಿ.
2. ದೊಡ್ಡ ಪತ್ರಿಕೆಗಳಲ್ಲಿ ನಿಮ್ಮ ಬಗ್ಗೆ, ನಿಮ್ಮ ಸಾಧನೆ ಬಗ್ಗೆ ಬರಹ ಬಂದಿದೆ.
3. ಹೆಸರಾಂತ ರೆಸ್ಟೋರೆಂಟ್ ಅಥವಾ ಸಂಸ್ಥೆಯಲ್ಲಿ ಮುಖ್ಯವಾದ ಅಥವಾ ನಿರ್ಣಾಯಕವಾದ ಪಾತ್ರ ನಿಮ್ಮದಾಗಿತ್ತು, ಮುಂದೆಯೂ ಆಗಲಿದೆ.
4. ವ್ಯಾಪಾರದಲ್ಲಿ ಅಥವಾ ವಿಮರ್ಶಕರ ಕಣ್ಣಲ್ಲಿ ದೊಡ್ಡ ಯಶಸ್ಸು ನಿಮ್ಮ ಹೆಸರಿಗಿದೆ.
5. ಸಂಘಟನೆಗಳು, ವಿಮರ್ಶಕರು, ಸರ್ಕಾರಿ ಸಂಸ್ಥೆಗಳು ಅಥವಾ ಪರಿಣತರು ನಿಮ್ಮನ್ನು ಗುರುತಿಸಿದ್ದಾರೆ.
6. ಇದೇ ಕೆಲಸದ ಇತರರಿಗಿಂತ ನಿಮ್ಮ ಸಂಬಳ ಜಾಸ್ತಿ.

ಮೂರು ಸಿಕ್ಕ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಆಮೇಲೆ ಅಧಿಕಾರಿ ಇಡೀ ಫೈಲನ್ನು ಒಟ್ಟಿಗೆ ನೋಡಿ ತೀರ್ಮಾನ ಮಾಡುತ್ತಾರೆ. ಒಂದು ಮತ್ತು ಮೂರರಲ್ಲಿ 'ಮುಂದೆಯೂ' ಅಂತ ಇದೆಯಲ್ಲ, ಅದನ್ನು ಎಷ್ಟೋ ಜನ ಮರೆಯುತ್ತಾರೆ. ಹಿಂದಿನದನ್ನು ಚೆಂದ ತೋರಿಸಿ, ಮುಂದೆ ಎಲ್ಲಿ ಕೆಲಸ ಅನ್ನುವುದಕ್ಕೆ ಒಂದು ಸಾಲು ಬರೆದು ಬಿಡುತ್ತಾರೆ. ಅದಕ್ಕೂ ಅಷ್ಟೇ ಪುರಾವೆ ಬೇಕು.

ಹಂತ 1: ಅರ್ಜಿ ಯಾರು ಹಾಕುತ್ತಾರೆ ಅಂತ ಗಟ್ಟಿ ಮಾಡಿಕೊಳ್ಳಿ

ಓ-1 ಅರ್ಜಿಯನ್ನು ನೀವೇ ನಿಮ್ಮ ಹೆಸರಲ್ಲಿ ಹಾಕುವಂತಿಲ್ಲ. ಅಮೆರಿಕದ ಮಾಲೀಕರು ಅಥವಾ ಅಮೆರಿಕದ ಏಜೆಂಟ್ ಹಾಕಬೇಕು. ಒಂದೇ ರೆಸ್ಟೋರೆಂಟ್‌ನಲ್ಲಿ ಕೆಲಸ ಆದರೆ ಮಾಲೀಕರು ಸಾಕು. ನಾಲ್ಕಾರು ಊರಲ್ಲಿ ಪಾಪ್-ಅಪ್ ಮಾಡುವುದಾದರೆ ಏಜೆಂಟ್ ಮೂಲಕ ಹೋಗಬಹುದು. ಆಗ ಎಲ್ಲಿ, ಯಾವಾಗ, ಯಾರ ಜೊತೆ ಅನ್ನುವ ಕಾರ್ಯಕ್ರಮ ಪಟ್ಟಿ ಕೊಡಬೇಕು. ನಿಮ್ಮದೇ ಒಡೆತನದ ಅಮೆರಿಕದ ಕಂಪನಿ ನಿಮಗಾಗಿ ಅರ್ಜಿ ಹಾಕಬಹುದು ಅಂತ ವಲಸೆ ಇಲಾಖೆ 2025ರ ಜನವರಿಯಲ್ಲಿ ತನ್ನ ಕೈಪಿಡಿಯಲ್ಲಿ ಸ್ಪಷ್ಟ ಮಾಡಿದೆ.

ಕರೆದವರ ರೆಸ್ಟೋರೆಂಟ್ ಇನ್ನೂ ಬಾಗಿಲು ತೆಗೆದಿಲ್ಲ ಅಂದರೆ ಸ್ವಲ್ಪ ಕಷ್ಟ. ತೆರೆಯದ ಜಾಗಕ್ಕೆ ಹೆಸರು ಎಲ್ಲಿಂದ ಬರಬೇಕು? ಆಗ ಅದೇ ಮಾಲೀಕರ ಬೇರೆ ರೆಸ್ಟೋರೆಂಟುಗಳ ವಿಮರ್ಶೆ, ಪ್ರಶಸ್ತಿ, ಹೊಸ ಜಾಗದ ಬಗ್ಗೆ ಬಂದ ಸುದ್ದಿ, ಲೀಸ್ ಪತ್ರ ಇವುಗಳ ಮೇಲೆ ನಿಲ್ಲಬೇಕು. ಇವು ಯಾವುವೂ ಇಲ್ಲದಿದ್ದರೆ ಮೂರನೇ ಅಂಶವನ್ನು ಬಿಟ್ಟು ಬೇರೆ ಮೂರನ್ನು ಗಟ್ಟಿ ಮಾಡಿಕೊಳ್ಳಿ.

ಹಂತ 2: ಎರಡು ಪಟ್ಟಿ ಮಾಡಿ, ಅಂತರ ನೋಡಿ

ದೊಡ್ಡ ಹಾಳೆ ತೊಗೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ ನೀವು ಕೆಲಸ ಮಾಡಿದ ಜಾಗದ ಹೆಸರು, ಅದಕ್ಕೆ ಬಂದ ಮನ್ನಣೆ. ಬಲಗಡೆ ಆ ಜಾಗದಲ್ಲಿ ನೀವು ಮಾಡಿದ್ದು, ಅದಕ್ಕಿರುವ ಕಾಗದ. ಹೆಚ್ಚಿನವರಿಗೆ ಎಡಗಡೆ ತುಂಬಿ ತುಳುಕುತ್ತದೆ, ಬಲಗಡೆ ಖಾಲಿ. ಬೆಂಗಳೂರಿನಲ್ಲಿ 1990ರಿಂದ ಕರಾವಳಿ ಅಡುಗೆ ಬಡಿಸುತ್ತಿರುವ ಕರಾವಳಿ ರೆಸ್ಟೋರೆಂಟ್ ಇರಬಹುದು, 1924ರಲ್ಲಿ ಶುರುವಾದ ಎಂಟಿಆರ್ ಇರಬಹುದು. ಅಂಥ ಜಾಗಗಳಿಗೆ ಹೆಸರಿದೆ ಅಂತ ತೋರಿಸಲು ಒಂದು ಸಂಜೆ ಸಾಕು. ಆ ಹೆಸರಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ತೋರಿಸಲು ತಿಂಗಳುಗಳು ಬೇಕು.

ಎರಡೂ ಬೇರೆ ಬೇರೆ ಪುರಾವೆ ಅನ್ನುವುದಕ್ಕೆ ಅಮೆರಿಕದ್ದೇ ಉದಾಹರಣೆ ಇದೆ. ಮಿಶೆಲಿನ್ ಗೈಡ್ ಅನ್ನುವ ಹೆಸರಾಂತ ರೆಸ್ಟೋರೆಂಟ್ ಕೈಪಿಡಿ ಕೊಡುವ ಸ್ಟಾರ್ ಸಿಗುವುದು ರೆಸ್ಟೋರೆಂಟಿಗೆ. ದಕ್ಷಿಣ ಭಾರತದ ಅಡುಗೆ ಬಡಿಸುವ ನ್ಯೂಯಾರ್ಕ್‌ನ ಸೆಮ್ಮಾ ರೆಸ್ಟೋರೆಂಟಿಗೆ 2022ರಲ್ಲಿ ಸಿಕ್ಕಿದ್ದು ಹಾಗೆ. 2025ರಲ್ಲಿ ಅಲ್ಲಿನ ಶೆಫ್ ವಿಜಯ್ ಕುಮಾರ್ ಅವರಿಗೆ ನ್ಯೂಯಾರ್ಕ್ ರಾಜ್ಯದ ಉತ್ತಮ ಶೆಫ್ ಅಂತ, ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಅದು ಅವರ ಹೆಸರಿಗೇ ಬಂದದ್ದು. ಮೊದಲನೆಯದನ್ನು ಆ ಕಿಚನ್‌ನ ಬೇರೊಬ್ಬರು ತಮ್ಮ ಅರ್ಜಿಯಲ್ಲಿ ಬಳಸಬೇಕಾದರೆ ಎರಡು ವಿಷಯ ಸಾಬೀತು ಮಾಡಬೇಕು. ಸ್ಟಾರ್ ಬಂದಾಗ ಅವರು ಅಲ್ಲಿ ಕೆಲಸದಲ್ಲಿದ್ದರು ಅನ್ನುವುದು ಒಂದು. ತಟ್ಟೆಗೆ ಬಂದದ್ದರಲ್ಲಿ ಅವರ ಕೈ ಇತ್ತು ಅನ್ನುವುದು ಇನ್ನೊಂದು.

ಬಲಗಡೆ ತುಂಬಲು ಏನೇನು ಹುಡುಕಬೇಕು? ಕಿಚನ್‌ನ ಹುದ್ದೆಗಳ ಪಟ್ಟಿ, ನೀವು ಸಹಿ ಹಾಕಿದ ರೆಸಿಪಿ ಕಾಸ್ಟಿಂಗ್ ಶೀಟ್, ಹೊಸ ಮೆನು ಬಗ್ಗೆ ನೀವು ಕಳಿಸಿದ ಇಮೇಲ್, ನಿಮ್ಮ ಹೆಸರು ಅಚ್ಚಾದ ಮೆನು, ಹೊಸ ಶಾಖೆ ತೆರೆಯುವಾಗ ನಿಮ್ಮನ್ನು ಕಳಿಸಿದ ಆದೇಶ, ಹುಡುಗರಿಗೆ ತರಬೇತಿ ಕೊಟ್ಟ ದಾಖಲೆ. ಹುದ್ದೆಯ ಹೆಸರು ಸಣ್ಣದಿದ್ದರೆ ಹೆದರಬೇಡಿ. ಸೂ ಶೆಫ್ (ಮುಖ್ಯ ಶೆಫ್‌ನ ನಂತರದ ಸ್ಥಾನ) ಆಗಿದ್ದವರ ಪಾತ್ರವೂ ನಿರ್ಣಾಯಕ ಅಂತ ಆಗಬಹುದು. ಇಡೀ ಸಮುದ್ರಾಹಾರ ವಿಭಾಗ ನಿಮ್ಮ ಮೇಲೆ ನಿಂತಿತ್ತು, ವಿಮರ್ಶಕರು ಹೊಗಳಿದ ಖಾದ್ಯ ನಿಮ್ಮದು ಅಂತ ಕಾಗದ ಹೇಳಬೇಕು, ಅಷ್ಟೇ. ಕಂಪನಿಯ ಗುಟ್ಟಿನ ಕಾಗದವನ್ನು ಮಾತ್ರ ಕೇಳದೆ ಹೊರಗೆ ತರಬೇಡಿ. ಒಳ್ಳೆಯ ಮಾತಲ್ಲಿ ಕೇಳಿದರೆ ಪತ್ರದ ರೂಪದಲ್ಲಿ ಕೊಡುವವರು ಇರುತ್ತಾರೆ.

ಹಂತ 3: ಪತ್ರಿಕೆಯ ಬರಹ, ಅದರಲ್ಲೂ ಕನ್ನಡದ್ದು

ರೆಸ್ಟೋರೆಂಟ್ ಬಗ್ಗೆ ಬಂದ ಬರಹದಲ್ಲಿ ನಿಮ್ಮ ಹೆಸರು ಒಂದು ಸಲ ಬಂದಿದ್ದರೆ ಅದು ದುರ್ಬಲ. ನಿಮ್ಮ ಅಡುಗೆ, ನಿಮ್ಮ ಹಾದಿ ಬಗ್ಗೆ ಬರೆದದ್ದು ಬಲವಾದದ್ದು. ಹಣ ಕೊಟ್ಟು ಹಾಕಿಸಿದ ಪ್ರಾಯೋಜಿತ ಬರಹ ಬೇಡವೇ ಬೇಡ. ಅದು ಕಣ್ಣಿಗೆ ಬಿದ್ದರೆ ಉಳಿದ ಒಳ್ಳೆಯ ಕಾಗದದ ಮೇಲೂ ಅನುಮಾನ ಬರುತ್ತದೆ.

ಕನ್ನಡ ಪತ್ರಿಕೆಯಲ್ಲಿ ಬಂದದ್ದು ಲೆಕ್ಕಕ್ಕೆ ಬರುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಬರುತ್ತದೆ. 1948ರಿಂದ ಬರುತ್ತಿರುವ ಪ್ರಜಾವಾಣಿಯ ಹೆಸರು ನಮಗೆ ಹೇಳಬೇಕಿಲ್ಲ. ಆದರೆ ಆ ಅಧಿಕಾರಿ ಅದನ್ನು ಕೇಳಿರುವುದಿಲ್ಲ. ಆದ್ದರಿಂದ ಪ್ರತಿ ಕತ್ತರಿಕೆಯ ಜೊತೆ ನಾಲ್ಕು ಕಾಗದ ಇರಲಿ: ಪತ್ರಿಕೆಯ ಹೆಸರು, ದಿನಾಂಕ, ಬರೆದವರ ಹೆಸರು ಕಾಣುವ ಮೂಲ ಪುಟ; ಪೂರ್ತಿ ಇಂಗ್ಲಿಷ್ ಅನುವಾದ; ಅನುವಾದ ಪೂರ್ಣ ಮತ್ತು ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಸಹಿ ಮಾಡಿದ ಪ್ರಮಾಣಪತ್ರ; ಪತ್ರಿಕೆಯ ಪ್ರಸಾರ ಸಂಖ್ಯೆ ತೋರಿಸುವ ದಾಖಲೆ. ಸಾರಾಂಶ ಮಾಡಿ ಕೊಟ್ಟರೆ ನಡೆಯುವುದಿಲ್ಲ. ಫೋಟೊ ಕೆಳಗಿನ ಸಾಲೂ ಅನುವಾದ ಆಗಬೇಕು.

ಅನುವಾದದಲ್ಲಿ ಒಂದು ಗುಂಡಿ ಇದೆ. ನಮ್ಮ ಬರಹಗಳಲ್ಲಿ 'ಅಡುಗೆ ಭಟ್ಟರು', 'ಅಡುಗೆಯವರು' ಅಂತ ಗೌರವದಿಂದಲೇ ಬರೆದಿರುತ್ತಾರೆ. ಸಾವಿರಾರು ಜನರಿಗೆ ಅಡುಗೆ ಮಾಡಿಸುವ ಮುಖ್ಯಸ್ಥರಿಗೂ ಅದೇ ಮಾತು. ಅನುವಾದಕರು ಅದನ್ನು ಸುಮ್ನೆ 'ಕುಕ್' ಅಂತ ಹಾಕಿದರೆ ನಿಮ್ಮ ದರ್ಜೆ ಒಂದೇ ಪದದಲ್ಲಿ ಕೆಳಗಿಳಿಯುತ್ತದೆ. ಹಾಗಂತ ಇಲ್ಲದ ಪದವಿ ಸೇರಿಸಬಾರದು. ಮೂಲ ಪದವನ್ನು ಹಾಗೇ ಇಟ್ಟು, ನಮ್ಮ ಕಡೆ ಆ ಮಾತಿನ ಅರ್ಥ ಏನು, ಅವರ ಕೈಕೆಳಗೆ ಯಾರೆಲ್ಲ ಇರುತ್ತಾರೆ ಅಂತ ಪರಿಣತರ ಪತ್ರದಲ್ಲಿ ಬಿಡಿಸಿ ಹೇಳಿಸಿ.

ಹೆಸರಿನ ಕಾಗುಣಿತವೂ ಕಾಟ ಕೊಡುತ್ತದೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಪತ್ರಿಕೆಯಲ್ಲಿ ಇನಿಷಿಯಲ್ ಇರುತ್ತದೆ, ಮೆನುವಿನಲ್ಲಿ ಊರಿನ ಹೆಸರು ಬಂದಿರುತ್ತದೆ. ಹೆಗಡೆ ಒಂದು ಕಡೆ ಹೆಗ್ಡೆ ಆಗಿರುತ್ತದೆ. ಇವೆಲ್ಲ ಒಬ್ಬರೇ ಅಂತ ನೋಟರಿ ಮಾಡಿಸಿದ ಅಫಿಡವಿಟ್ ಒಂದನ್ನು ಫೈಲಿನ ಮೊದಲಲ್ಲೇ ಇಡಿ.

ಹಂತ 4: ಪ್ರಶಸ್ತಿ

ಭಾರತಕ್ಕೆ ಮಿಶೆಲಿನ್ ಗೈಡ್ ಬಂದಿಲ್ಲ. ಹಾಗಾಗಿ ಇಲ್ಲಿಂದ ಹೋಗುವವರು ಸ್ಟಾರ್ ಇಲ್ಲ ಅಂತ ಕುಗ್ಗಬೇಕಿಲ್ಲ. ಆ ಗೈಡ್ ನಮ್ಮ ದೇಶವನ್ನು ನೋಡುವುದೇ ಇಲ್ಲ ಅಂತ ಫೈಲಿನಲ್ಲಿ ಒಂದು ಸಾಲು ಹೇಳಿಬಿಡಿ. ಬದಲಿಗೆ ಏಷ್ಯಾದ 50 ಉತ್ತಮ ರೆಸ್ಟೋರೆಂಟ್ ಪಟ್ಟಿ, ಇಂಡಿಯನ್ ಕಲಿನರಿ ಫೋರಂ ಕೊಡುವ ಶೆಫ್ ಪ್ರಶಸ್ತಿಗಳು, ಜರ್ಮನಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕಲಿನರಿ ಒಲಿಂಪಿಕ್ಸ್, ಫ್ರಾನ್ಸ್‌ನ ಬೊಕ್ಯೂಸ್ ಡಿ'ಓರ್ ಅಡುಗೆ ಸ್ಪರ್ಧೆ ಇಂಥವು ತೂಕದವು. ಪ್ರಶಸ್ತಿಪತ್ರ ಮಾತ್ರ ಇಟ್ಟರೆ ಸಾಲದು. ಎಷ್ಟು ಜನ ಸ್ಪರ್ಧಿಸಿದ್ದರು, ತೀರ್ಪುಗಾರರು ಯಾರು, ಆಯ್ಕೆ ಹೇಗೆ ಅನ್ನುವ ಕಾಗದ ಬೇಕು.

ಇಷ್ಟು ಸಾವಿರ ಕಟ್ಟಿ, ಪ್ರಶಸ್ತಿ ತೊಗೊಳ್ಳಿ ಅಂತ ಇಮೇಲ್ ಕಳಿಸುವವರು ತುಂಬಾ ಇದ್ದಾರೆ. ದಯವಿಟ್ಟು ದೂರ ಇರಿ. ಸುಳ್ಳು ದಾಖಲೆ ಅಂತ ಸಾಬೀತಾದರೆ ಒಂದು ಅರ್ಜಿ ತಿರಸ್ಕಾರವಾಗುವುದರಲ್ಲಿ ಮುಗಿಯುವುದಿಲ್ಲ. ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚಬಹುದು.

ಹಂತ 5: ಪರಿಣತರ ಪತ್ರಗಳು

ಫೈಲಿನ ಜೀವ ಇಲ್ಲಿದೆ. ಐದರಿಂದ ಎಂಟು ಪತ್ರ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅರ್ಧ ನಿಮ್ಮ ಜೊತೆ ಕೆಲಸ ಮಾಡಿದವರಿಂದ, ಅರ್ಧ ನಿಮ್ಮ ಜೊತೆ ಯಾವತ್ತೂ ಕೆಲಸ ಮಾಡದೆ ನಿಮ್ಮ ಅಡುಗೆಯನ್ನು ಬಲ್ಲವರಿಂದ. ಎರಡನೆಯ ಗುಂಪು ಹೆಚ್ಚು ಬೆಲೆಯದು: ಆಹಾರ ವಿಮರ್ಶಕರು, ಬೇರೆ ರೆಸ್ಟೋರೆಂಟಿನ ಶೆಫ್, ಮಣಿಪಾಲದಂಥ ಕಡೆ ಹೋಟೆಲ್ ವಿದ್ಯೆ ಕಲಿಸುವ ಅಧ್ಯಾಪಕರು, ಉತ್ಸವ ನಡೆಸಿದವರು.

ಪತ್ರದಲ್ಲಿ ಮೂರು ವಿಷಯ ಇರಲೇಬೇಕು. ಬರೆಯುವವರು ಯಾರು, ಅವರ ಮಾತಿಗೆ ಯಾಕೆ ಬೆಲೆ. ನಿಮ್ಮ ಸಾಧನೆ ಅವರಿಗೆ ಹೇಗೆ ಗೊತ್ತು. ನೀವು ಮಾಡಿದ್ದರಲ್ಲಿ ಬೇರೆಯವರು ಮಾಡದ್ದು ಏನು. ಕೊನೆಯದನ್ನು ಬರೆಯಿಸುವುದು ಕಷ್ಟ. ನನ್ನ ಗೆಳೆಯನಿಗೆ ಬಂದ ಮೊದಲ ಪತ್ರದಲ್ಲಿ "ಇವರು ಬಹಳ ಪರಿಶ್ರಮಿ, ಪ್ರಾಮಾಣಿಕ, ರುಚಿಯಾಗಿ ಅಡುಗೆ ಮಾಡುತ್ತಾರೆ" ಅಂತ ಇತ್ತು. ಓದಿ ಖುಷಿಯಾಯಿತು, ಆದರೆ ಪ್ರಯೋಜನ ಇರಲಿಲ್ಲ. ಬರೆದವರ ಹತ್ತಿರ ಮತ್ತೆ ಕೂತು ಮಾತಾಡಿದೆವು. ಬಳಕೆಯಿಂದ ಮರೆಯಾಗುತ್ತಿದ್ದ ಕರಾವಳಿಯ ಸೊಪ್ಪು, ಗೆಡ್ಡೆಗಳನ್ನು ಅವನು ಹಳ್ಳಿ ಮನೆಗಳಿಂದ ಹುಡುಕಿ ತಂದದ್ದು, ಮರವಾಯಿಗೆ (ಚಿಪ್ಪುಮೀನಿಗೆ) ಅವನು ಕಟ್ಟಿದ ಹೊಸ ಮಸಾಲೆ, ಅದನ್ನು ಬೇರೆ ಎರಡು ರೆಸ್ಟೋರೆಂಟುಗಳು ಮೆನುವಿಗೆ ಸೇರಿಸಿಕೊಂಡದ್ದು, ಎಲ್ಲ ಆಗ ಹೊರಗೆ ಬಂತು. ಅವರು ಅದನ್ನೇ ಬರೆದರು. ಪತ್ರ ಎರಡು ಪುಟ ಆಯಿತು. ಹೊಗಳಿಕೆ ಕಮ್ಮಿ ಆಯಿತು, ತೂಕ ಬಂತು.

ಎಲ್ಲರಿಗೂ ಒಂದೇ ಮಾದರಿ ಬರೆದುಕೊಟ್ಟು ಸಹಿ ಹಾಕಿಸಬೇಡಿ. ಐದು ಪತ್ರದಲ್ಲಿ ಒಂದೇ ವಾಕ್ಯ ಇದ್ದರೆ ಓದುವವರಿಗೆ ಗೊತ್ತಾಗುತ್ತದೆ. ಪತ್ರದಲ್ಲಿ ಹೇಳಿದ ಪ್ರತಿ ಮುಖ್ಯ ಮಾತಿಗೆ ಫೈಲಿನಲ್ಲಿ ಇನ್ನೊಂದು ಕಾಗದ ಬೆಂಬಲಕ್ಕೆ ಇರಲಿ.

ಹಂತ 6: ಸಂಬಳ ಮತ್ತು ಯಶಸ್ಸು

ರೂಪಾಯಿ ಸಂಬಳವನ್ನು ಡಾಲರ್‌ಗೆ ತಿರುಗಿಸಿ ಬೇಜಾರಾಗಬೇಡಿ. ಭಾರತದ ಸಂಬಳವನ್ನು ಭಾರತದ ಶೆಫ್‌ಗಳ ಜೊತೆ ಹೋಲಿಸಬೇಕು. ಅಮೆರಿಕದ ಆಫರ್ ಅನ್ನು ಅಲ್ಲಿನ ಕಾರ್ಮಿಕ ಅಂಕಿಅಂಶಗಳ ಜೊತೆ ಹೋಲಿಸಿ. 2024ರ ಮೇ ಲೆಕ್ಕದಲ್ಲಿ ಶೆಫ್ ಮತ್ತು ಮುಖ್ಯ ಅಡುಗೆಯವರ ಮಧ್ಯಕ ವಾರ್ಷಿಕ ಸಂಬಳ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಮ್ಮಿ) 60,990 ಡಾಲರ್. ಆಫರ್ ಇದಕ್ಕೆ ಹತ್ತಿರ ಇದ್ದರೆ ಆರನೇ ಅಂಶ ಬಿಟ್ಟುಬಿಡಿ. ಬಲವಿಲ್ಲದ ಪುರಾವೆ ಇಡುವುದಕ್ಕಿಂತ ಇಡದಿರುವುದು ವಾಸಿ. ನಾಲ್ಕನೇ ಅಂಶಕ್ಕೆ ನಿಮ್ಮ ಮೆನು ಬಂದ ಮೇಲೆ ಏರಿದ ವಹಿವಾಟಿನ ಲೆಕ್ಕವನ್ನು ಆಡಿಟರ್ ಸಹಿಯೊಂದಿಗೆ ಕೊಡಬಹುದು.

ಹಂತ 7: ಸಮಾಲೋಚನಾ ಪತ್ರ, ಕರಾರು, ಸಲ್ಲಿಕೆ

ಓ-1ಗೆ ಅದೇ ಕ್ಷೇತ್ರದ ಅಮೆರಿಕದ ಸಂಘಟನೆಯ ಅಥವಾ ಪರಿಣತರ ಅಭಿಪ್ರಾಯ ಪತ್ರ ಕಡ್ಡಾಯ. ಇದು ಹಂತ 5ರ ಪತ್ರಗಳಿಗಿಂತ ಬೇರೆ. ಅಧಿಕಾರಿ ಈ ಅಭಿಪ್ರಾಯಕ್ಕೆ ಕಟ್ಟುಬಿದ್ದಿರುವುದಿಲ್ಲ, ಆದರೆ ಪತ್ರ ಇರಬೇಕು. ಜೊತೆಗೆ ಕೆಲಸದ ಕರಾರು ಬೇಕು. ಬಾಯಿಮಾತಿನ ಒಪ್ಪಂದವಾದರೆ ಅದರ ವಿವರ ಬರಹದಲ್ಲಿ.

ಇವೆಲ್ಲವೂ ಐ-129 ಫಾರಂ (ಮಾಲೀಕರು ಅಥವಾ ಏಜೆಂಟ್ ವಲಸೆ ಇಲಾಖೆಗೆ ಹಾಕುವ ಪಿಟಿಷನ್) ಜೊತೆ ಹೋಗುತ್ತವೆ. ಕೆಲಸ ಶುರುವಾಗುವ ದಿನಕ್ಕೆ ಒಂದು ವರ್ಷಕ್ಕಿಂತ ಮುಂಚೆ ಹಾಕುವಂತಿಲ್ಲ. ಕನಿಷ್ಠ 45 ದಿನ ಮೊದಲು ಹಾಕಿ ಅಂತ ಇಲಾಖೆಯೇ ಹೇಳುತ್ತದೆ. ಜಾಸ್ತಿ ಹಣ ಕಟ್ಟಿದರೆ ಪ್ರೀಮಿಯಂ ಅನ್ನುವ ತ್ವರಿತ ಪರಿಶೀಲನೆಯಲ್ಲಿ 15 ಕೆಲಸದ ದಿನದೊಳಗೆ ಉತ್ತರ ಬರುತ್ತದೆ. ಶುಲ್ಕ ಆಗಾಗ ಬದಲಾಗುತ್ತದೆ, ಹಾಕುವ ದಿನವೇ ನೋಡಿ. ತಪ್ಪು ಮೊತ್ತ ಇದ್ದರೆ ಫೈಲ್ ವಾಪಸ್ ಬರುತ್ತದೆ.

ಇನ್ನೂ ಪುರಾವೆ ಕೊಡಿ ಅಂತ ನೋಟಿಸ್ ಬಂದರೆ ಗಾಬರಿ ಬೇಡ. ಗರಿಷ್ಠ 84 ದಿನ ಸಮಯ ಸಿಗುತ್ತದೆ. ಅವರು ಯಾವ ಅಂಶವನ್ನು ಒಪ್ಪಿಲ್ಲ ಅಂತ ನಿಧಾನವಾಗಿ ಓದಿ, ಅದಕ್ಕೇ ಉತ್ತರ ಕೊಡಿ. ಉತ್ತರ ಕೊಡಲು ಒಂದೇ ಅವಕಾಶ, ಎಲ್ಲವನ್ನೂ ಒಟ್ಟಿಗೆ ಕಳಿಸಬೇಕು. ಪೂರ್ತಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ. ನೀವು ಹೇಳುವುದು ನಿಜವಿರುವ ಸಾಧ್ಯತೆಯೇ ಹೆಚ್ಚು ಅಂತ ತೋರಿಸಿದರೆ ಸಾಕು.

ಹಂತ 8: ಸಂದರ್ಶನ, ಆಮೇಲೆ

ಪಿಟಿಷನ್ ಪಾಸಾದ ಮೇಲೆ ಡಿಎಸ್-160 ಅನ್ನುವ ಆನ್‌ಲೈನ್ ವೀಸಾ ಫಾರಂ ತುಂಬಿ 205 ಡಾಲರ್ ಶುಲ್ಕ ಕಟ್ಟಿ ಸಂದರ್ಶನಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಸೇವೆಯೊಂದಿಗೆ ಅಲ್ಲ. ನಮ್ಮವರು ಹೋಗುವುದು ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದ್‌ಗೆ. ಅಲ್ಲಿ ಕೇಳುವುದು ಸರಳ ಪ್ರಶ್ನೆ: ಎಲ್ಲಿ ಕೆಲಸ, ಏನು ಅಡುಗೆ, ನಿಮ್ಮನ್ನೇ ಯಾಕೆ ಕರೆದರು. ಅರ್ಜಿಯಲ್ಲಿ ಲಾಯರ್ ಏನು ಬರೆದಿದ್ದಾರೆ ಅಂತ ಮೊದಲೇ ಪೂರ್ತಿ ಓದಿಕೊಂಡು ಹೋಗಿ.

ಗಂಡ, ಹೆಂಡತಿ, 21 ವರ್ಷದೊಳಗಿನ ಮಕ್ಕಳಿಗೆ ಓ-3 ಸಿಗುತ್ತದೆ. ಓದಬಹುದು, ದುಡಿಯುವಂತಿಲ್ಲ. ಕೆಲಸ ಬದಲಾಯಿಸಿದರೆ ಹೊಸ ಮಾಲೀಕರು ಹೊಸ ಪಿಟಿಷನ್ ಹಾಕಬೇಕು. ಕೆಲಸ ಹೋದರೆ ಅಲ್ಲೇ ಉಳಿಯಲು 60 ದಿನದವರೆಗೆ ಕಾಲಾವಕಾಶ ಇರುತ್ತದೆ. ಅವಧಿಗೆ ಮೊದಲೇ ಮಾಲೀಕರೇ ತೆಗೆದುಹಾಕಿದರೆ ನಿಮ್ಮ ವಾಪಸ್ ಪ್ರಯಾಣದ ಖರ್ಚು ಅವರ ಮೇಲಿದೆ. ಇದು ನಿಯಮದಲ್ಲೇ ಇದೆ, ಕೇಳಲು ಸಂಕೋಚ ಬೇಡ.

ನನ್ನ ಗೆಳೆಯ ಅರ್ಜಿಯನ್ನು ಒಂದೂವರೆ ವರ್ಷ ಮುಂದೂಡಿದ. ಆ ಸಮಯದಲ್ಲಿ ಎರಡು ಆಹಾರ ಉತ್ಸವದಲ್ಲಿ ತನ್ನ ಹೆಸರಿನಲ್ಲೇ ಅಡುಗೆ ಮಾಡಿದ, ಅವನ ಬಗ್ಗೆ ಮೂರು ಬರಹ ಬಂದವು. ಈಗ ಅಲ್ಲಿ ಕೆಲಸದಲ್ಲಿದ್ದಾನೆ. ಮೂರು ವರ್ಷ ಆದ ಮೇಲೆ ವಿಸ್ತರಣೆ ಸಾಮಾನ್ಯವಾಗಿ ಒಂದೊಂದೇ ವರ್ಷದ್ದು. ಅದಕ್ಕೆಂದು ಅವನು ಫೋನಿನಲ್ಲಿ ಒಂದು ಫೋಲ್ಡರ್ ಇಟ್ಟಿದ್ದಾನೆ. ಮೆನು ಬದಲಾದ ದಿನ ಅದರ ಫೋಟೊ ದಿನಾಂಕದ ಜೊತೆ ಅಲ್ಲಿಗೆ ಹೋಗುತ್ತದೆ. ಹೊಸ ಮೆನುವಿನ ಕೊನೆಯ ಸಾಲಿನಲ್ಲಿ ಅವನ ಹೆಸರಿದೆ.